ಮಾಮಾನ ಅಂಗಡಿಯ ಕೀಬೋರ್ಡು: ಇಳಕಲ್ಲಿನಲ್ಲಿ ಒಂದು ಲಿನಕ್ಸ್, ಒಂದು ಅರ್ಜಿ

ಈ ವಾರ ಬಾದಾಮಿ ಶಾಸನಗಳ ಬಗ್ಗೆ ಮಾತಾಡ್ತೀನಿ ಅಂದಿದ್ದೆ. ಮಾತಾಡ್ತೀನಿ, ಆದರೆ ದಾರಿ ಸ್ವಲ್ಪ ಸುತ್ತು. ಇಳಕಲ್ಲಿನ ಒಂದು ಡಿಟಿಪಿ ಅಂಗಡಿ, ಕೆಟ್ಟುಹೋದ ಒಂದು ಕಂಪ್ಯೂಟರು, ಬೇಕಾದಾಗಲೇ ಬಾಯಿ ಮುಚ್ಚಿಕೊಂಡ ಒಂದು ವೈರ್‌ಲೆಸ್ ಕೀಬೋರ್ಡು, ಇಷ್ಟು ದಾಟಿ ಬಾದಾಮಿಗೆ ಹೋಗಬೇಕು. ಇತಿಹಾಸ ಕೇಳೋಕೆ ಬಂದವರು ಗಾಬರಿ ಆಗಬೇಡಿ, ಇದೂ ಇತಿಹಾಸವೇ.

ಅಂಗಡಿ ನಮ್ಮ ಸೋದರಮಾವನದು. ಮದುವೆ ಕಾರ್ಡು, ಶ್ರದ್ಧಾಂಜಲಿ ಪತ್ರ, ಸೀರೆ ಅಂಗಡಿಗಳ ಬಿಲ್‌ಬುಕ್ಕು, ಎಲ್ಲಕ್ಕಿಂತ ಹೆಚ್ಚಾಗಿ ಅರ್ಜಿ. ಕಂಪ್ಯೂಟರು 2012ರ ಸುಮಾರಿನದು. ವಿಂಡೋಸ್ 10ಕ್ಕೆ ಕಂಪನಿ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಈ ಮುದಿ ಪ್ರೊಸೆಸರನ್ನು ಮನೆಯೊಳಗೆ ಬಿಟ್ಟುಕೊಳ್ಳೋದಿಲ್ಲ. ಮಾಮಾ ತಲೆ ಕೆಡಿಸಿಕೊಂಡಿರಲಿಲ್ಲ. ‘ನಡ್ಯಾಕತ್ತೇತಿ, ನಡೀಲಿ ಬಿಡು’ ಅಂದಿದ್ದ. ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ವಿಂಡೋಸ್ ಏಳಲೇ ಇಲ್ಲ. ನೀಲಿ ಪರದೆ, ಮತ್ತೆ ರೀಸ್ಟಾರ್ಟ್, ಮತ್ತೆ ನೀಲಿ ಪರದೆ.

ಇಷ್ಟೇ ಆಗಿದ್ದರೆ ನಾನು ಬಾಗಲಕೋಟೆಯಿಂದ ಬಸ್ ಹತ್ತುತ್ತಿರಲಿಲ್ಲ. ಮಲಪ್ರಭೆ ದಂಡೆಯ ಹಳ್ಳಿಯ ಒಬ್ಬ ಅಜ್ಜಿ ಅದೇ ವಾರ ಅಂಗಡಿಗೆ ಬಂದಿದ್ದಳು. 2009ರ ಅಕ್ಟೋಬರಿನ ನೆರೆ ನೆನಪಿದೆಯಲ್ಲ? ಉತ್ತರ ಕರ್ನಾಟಕದ ಹೊಳೆ ದಂಡೆಯ ಊರುಗಳಲ್ಲಿ ಮಣ್ಣಿನ ಮನೆಗಳು ಸಾಲಾಗಿ ಕುಸಿದ ವರ್ಷ. ಆಗ ಅವಳ ಗಂಡ ಮನೆ ಜಾಗದ ವಿಚಾರಕ್ಕೆ ಕೊಟ್ಟಿದ್ದ ಅರ್ಜಿಯನ್ನು ಟೈಪ್ ಮಾಡಿದ್ದು ಮಾಮಾ. ಅವಳ ಹತ್ತಿರ ಇದ್ದ ಪ್ರತಿ 2019ರ ನೆರೆಯಲ್ಲಿ ಹೋಯಿತು. ಗಂಡ ಈಗಿಲ್ಲ. ಈಗ ಮಗ ಹಕ್ಕುಪತ್ರಕ್ಕೆ ಓಡಾಡುತ್ತಿದ್ದಾನೆ, ಆ ಅರ್ಜಿಯಲ್ಲಿ ಏನೇನು ನಂಬರು ಹಾಕಿದ್ದರು ಅನ್ನೋದು ಬೇಕು. ‘ನಿಮ್ಮ ಮಶೀನ್ದಾಗ ಇರ್ತೈತೇನ್ರಿ’ ಅಂತ ಕೇಳಿದ್ದಳು. ಮಾಮಾ ಏನನ್ನೂ ಅಳಿಸುವವನಲ್ಲ. ಡಿ ಡ್ರೈವ್‌ನಲ್ಲಿ ಇದ್ದೇ ಇರುತ್ತದೆ ಅಂತ ಹೇಳಿ ಕಳಿಸಿದ್ದ. ಹೇಳಿ ಎರಡು ದಿನಕ್ಕೆ ಮಶೀನು ಮಲಗಿತು.

ಹಾಗಾಗಿ ಭಾನುವಾರ ನಾನು ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ತುಂಬಿಕೊಂಡು ಹೋದೆ. ಲಿನಕ್ಸ್‌ನ ಒಂದು ಅನುಕೂಲ ಏನಂದರೆ, ಹಾರ್ಡ್‌ಡಿಸ್ಕ್ ಮುಟ್ಟದೇ ಪೆನ್‌ಡ್ರೈವ್‌ನಿಂದಲೇ ಅದನ್ನು ಓಡಿಸಬಹುದು. ಮೊದಲು ಹಾಗೆ ಓಡಿಸಿ, ಹಳೇ ಫೈಲುಗಳನ್ನು ಹೊರಗೆ ತೆಗೆದು, ಆಮೇಲೆ ಇನ್‌ಸ್ಟಾಲ್ ಮಾಡೋಣ ಅಂತ ಲೆಕ್ಕ. ನಾನು ಓದಿದ್ದು ಬಿ.ಕಾಂ. ಕಂಪ್ಯೂಟರ್ ವಿದ್ಯೆ ಅಂದರೆ ಟ್ಯಾಲಿ ಮತ್ತು ಯೂಟ್ಯೂಬು. ಆದರೂ ಇಷ್ಟು ಬರುತ್ತೆ ಅಂತ ಧೈರ್ಯ.

ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡಿ, ಎಫ್12 ಒತ್ತಿದೆ. ಏನೂ ಇಲ್ಲ. ಮತ್ತೆ ಒತ್ತಿದೆ. ನೀಲಿ ಪರದೆ. ಡಿಲೀಟ್ ಒತ್ತಿದೆ, ಎಫ್2 ಒತ್ತಿದೆ, ಸಿಟ್ಟಿಗೆ ಎಲ್ಲವನ್ನೂ ಒಟ್ಟಿಗೆ ಒತ್ತಿದೆ. ಕೀಬೋರ್ಡು ಎರಡು ವರ್ಷದ ಹಿಂದೆ ನಾನೇ ತಂದುಕೊಟ್ಟ ಬ್ಲೂಟೂತ್ ಕೀಬೋರ್ಡು, ನಿನ್ನೆ ಮೊನ್ನೆವರೆಗೂ ಚೆನ್ನಾಗಿ ನಡೆದದ್ದು. ಸೆಲ್ ಬದಲಾಯಿಸಿದೆ. ಬ್ಲೂಟೂತ್ ಅಡಾಪ್ಟರನ್ನು ಒಂದು ತೂತಿನಿಂದ ಇನ್ನೊಂದಕ್ಕೆ ಹಾಕಿದೆ. ಹಸಿರು ದೀಪ ಮಿನುಗುತ್ತಿದೆ, ಅಂದರೆ ಜೀವ ಇದೆ, ಕಂಪ್ಯೂಟರು ಮಾತ್ರ ಅದನ್ನು ಕಣ್ಣೆತ್ತಿ ನೋಡುತ್ತಿಲ್ಲ. ಮಾಮಾ ಚಹಾ ಕುಡಿಯುತ್ತಾ, ‘ರೊಕ್ಕ ಕೊಟ್ಟು ರೊಟ್ಟಿ ಬಡಿಯೋ ಹಲಗಿ ತಂದಿ ನೋಡು’ ಅಂದ.

ಆಗ ನನಗೆ ಗೊತ್ತಿರಲಿಲ್ಲ, ಆಮೇಲೆ ಓದಿ ತಿಳಿದುಕೊಂಡೆ. ವೈರ್‌ಲೆಸ್ ಕೀಬೋರ್ಡಿನಲ್ಲಿ ಎರಡು ಜಾತಿ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಒಳಗೆ ಅಜಗಜಾಂತರ. ಒಂದು, ಉಗುರಿನಷ್ಟು ದೊಡ್ಡ ಡಾಂಗಲ್ ಜೊತೆಗೆ ಬರೋದು. ಕೀಬೋರ್ಡಿಗೂ ಡಾಂಗಲ್‌ಗೂ ಫ್ಯಾಕ್ಟರಿಯಲ್ಲೇ ಮದುವೆ ಆಗಿರುತ್ತದೆ. ಅವೆರಡರ ನಡುವೆ ಗಾಳಿಯಲ್ಲಿ ಏನು ಮಾತುಕತೆ ನಡೆದರೂ ಕಂಪ್ಯೂಟರಿಗೆ ಗೊತ್ತಿಲ್ಲ, ಗೊತ್ತಾಗೋ ಅಗತ್ಯವೂ ಇಲ್ಲ. ಅದರ ಪಾಲಿಗೆ ಡಾಂಗಲ್ ಅಂದರೆ ಯುಎಸ್‌ಬಿಗೆ ಚುಚ್ಚಿದ ಮಾಮೂಲಿ ವೈರಿನ ಕೀಬೋರ್ಡು. ಇನ್ನೊಂದು, ಬ್ಲೂಟೂತ್. ಇಲ್ಲಿ ಸಂಬಂಧ ನೇರವಾಗಿ ಆಪರೇಟಿಂಗ್ ಸಿಸ್ಟಮ್ ಜೊತೆ. ಮೊದಲ ಸಲ ಜೋಡಿಸುವಾಗ ಎರಡೂ ಕಡೆಯವರು ಒಂದು ಗುಪ್ತ ಕೀಲಿ ಹಂಚಿಕೊಳ್ಳುತ್ತಾರೆ. ಅದನ್ನು ವಿಂಡೋಸ್ ತನ್ನ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ವಿಂಡೋಸ್ ಎದ್ದಿಲ್ಲ ಅಂದರೆ ಕಡತ ತೆಗೆಯುವವರೇ ಇಲ್ಲ. ಎಫ್12 ನೋಡಬೇಕಾದ ಬಯೋಸ್‌ಗೆ ಸಾಮಾನ್ಯವಾಗಿ ಬ್ಲೂಟೂತ್ ಅಂದರೇನು ಅನ್ನೋದೇ ತಿಳಿಯದು.

ಇಳಕಲ್ ಸೀರೆ ನೇಯುವುದನ್ನು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದೊಂದು ಎಳೆಯನ್ನೂ ಅದರ ಜೊತೆಯ ಎಳೆಗೆ ಕುಣಿಕೆ ಹಾಕಿ ಸೇರಿಸಬೇಕು, ಅದಕ್ಕೆ ಕೊಂಡಿ ಅಂತಾರೆ. ಕೊಂಡಿ ಹಾಕದೇ ಮಗ್ಗ ಬಡಿದರೆ ಸೆರಗೊಂದು ಕಡೆ, ಸೀರೆಯೊಂದು ಕಡೆ. ನಮ್ಮ ಕೀಬೋರ್ಡಿನ ಕೊಂಡಿ ಇದ್ದದ್ದು ಸತ್ತ ವಿಂಡೋಸಿಗೆ.

ಪಕ್ಕದ ಸೀರೆ ಅಂಗಡಿಯವರ ಹತ್ತಿರ ಡಾಂಗಲ್ ಕೀಬೋರ್ಡು ಇತ್ತು, ಇಸಕೊಂಡು ಬಂದೆ. ಎಫ್12 ಒಂದೇ ಏಟಿಗೆ ತೆರೆಯಿತು! ಯಾಕೆ ತೆರೆಯಿತು ಅನ್ನೋದಕ್ಕೂ ಒಂದು ಚರಿತ್ರೆ ಇದೆ. 1996ರಲ್ಲಿ ಯುಎಸ್‌ಬಿಯ ಮೊದಲ ಆವೃತ್ತಿ ಬಂತು. ಕೀಬೋರ್ಡು, ಮೌಸುಗಳಿಗೆಂದು ನಿಯಮ ಬರೆಯುವಾಗ ಒಂದು ಸರಳ ಭಾಷೆಯನ್ನೂ ಸೇರಿಸಿದರು. ಆಪರೇಟಿಂಗ್ ಸಿಸ್ಟಮ್ ಇನ್ನೂ ಏಳದಿರುವಾಗ ಬಯೋಸ್ ಜೊತೆ ಮಾತಾಡೋಕೆ. ಅದರ ಒಂದು ಸಂದೇಶ ಎಂಟೇ ಬೈಟು. ಶಿಫ್ಟು, ಕಂಟ್ರೋಲು ಥರದವಕ್ಕೆ ಒಂದು ಬೈಟು, ಒಂದು ಖಾಲಿ, ಉಳಿದ ಆರರಲ್ಲಿ ಆ ಕ್ಷಣಕ್ಕೆ ಒತ್ತಿರುವ ಆರು ಕೀಲಿಗಳ ನಂಬರು. ಅಷ್ಟೇ. ಗಮನಿಸಿ, ಅಕ್ಷರ ಅಲ್ಲ, ನಂಬರು. ಕೀಬೋರ್ಡು ಯಾವತ್ತೂ ‘ಕ’ ಅಂತಾಗಲಿ ‘ಕೆ’ ಅಂತಾಗಲಿ ಕಳಿಸುವುದಿಲ್ಲ. ಇಷ್ಟನೇ ಗುಂಡಿ ಒತ್ತಿದ್ದಾರೆ ಅಂತ ಮಾತ್ರ ಹೇಳುತ್ತದೆ. ಅದು ಯಾವ ಅಕ್ಷರ ಅಂತ ತೀರ್ಮಾನ ಮಾಡೋದು ಒಳಗೆ ಕೂತವರು. ಈ ಮಾತು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಬೂಟ್ ಮೆನು ಬಂತು, ಲಿನಕ್ಸ್ ಬಂತು. ಆದರೆ ಈ ಕೀಬೋರ್ಡು ಹತ್ತು ಸಲ ಒತ್ತಿದರೆ ಆರು ಸಲ ಕೇಳುತ್ತದೆ. ಡಾಂಗಲ್ಲು ನೀಲಿ ಬಣ್ಣದ ಯುಎಸ್‌ಬಿ ತೂತಿನಲ್ಲಿ, ಪೆನ್‌ಡ್ರೈವ್ ಪಕ್ಕದಲ್ಲೇ ಇತ್ತು. ನೀಲಿ ಅಂದರೆ ಯುಎಸ್‌ಬಿ 3. ಅದು ವೇಗವಾಗಿ ಕೆಲಸ ಮಾಡುವಾಗ ಎದ್ದೇಳುವ ರೇಡಿಯೋ ಗದ್ದಲ ನೇರ 2.4 ಗಿಗಾಹರ್ಟ್ಸ್ ಮೇಲೆ ಬೀಳುತ್ತದೆ. ವೈರ್‌ಲೆಸ್ ಕೀಬೋರ್ಡುಗಳು ಮಾತಾಡೋದೂ ಅಲ್ಲೇ. ಇಂಟೆಲ್ ಕಂಪನಿಯೇ 2012ರಲ್ಲಿ ಇದರ ಬಗ್ಗೆ ಒಂದು ವರದಿ ಬರೆದಿದೆ. ಸಂತೆಯಲ್ಲಿ ಕಿವಿಯಲ್ಲಿ ಪಿಸುಗುಟ್ಟಿದ ಹಾಗೆ. ಡಾಂಗಲನ್ನು ಮುಂದಿನ ಕರಿ ತೂತಿಗೆ ಹಾಕಿದ್ದರೆ ಸರಿ ಹೋಗುತ್ತಿತ್ತು, ಅದು ಹೊಳೆದದ್ದು ರಾತ್ರಿ ಬಸ್ಸಿನಲ್ಲಿ.

ಇಲ್ಲಿ ನಾನು ಬೆವರಿದ್ದು ಯಾಕೆ ಅಂದರೆ, ಇನ್‌ಸ್ಟಾಲರ್‌ನಲ್ಲಿ ಒಂದು ಪರದೆ ಬರುತ್ತದೆ: ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ಹಾಕಲೋ, ಇದ್ದದ್ದನ್ನು ಉಳಿಸಿಕೊಂಡು ಪಕ್ಕದಲ್ಲಿ ಹಾಕಲೋ? ಒತ್ತಿದ ಕೀಲಿ ಕೇಳಿತೋ ಇಲ್ಲವೋ ಗೊತ್ತಾಗದ ಕೀಬೋರ್ಡಿನಲ್ಲಿ ಆ ಪರದೆಗೆ ಹೋಗೋದು ಅಂದರೆ ಕಣ್ಣು ಕಟ್ಟಿಕೊಂಡು ಚೆಕ್ಕಿಗೆ ಸಹಿ ಹಾಕಿದ ಹಾಗೆ. ಒಂದು ಬಾಣದ ಕೀಲಿ ತಪ್ಪಿದರೆ ಅಜ್ಜಿಯ ಅರ್ಜಿ, ಇಪ್ಪತ್ತು ವರ್ಷದ ಅಂಗಡಿ, ಎಲ್ಲಾ ಹೋಯಿತು.

ಮಧ್ಯೆ ಬ್ಲೂಟೂತ್ ಕೀಬೋರ್ಡಿಗೂ ಇನ್ನೊಂದು ಅವಕಾಶ ಕೊಟ್ಟೆ. ಮೌಸ್ ವೈರಿನದು, ಅದು ನಡೆಯುತ್ತಿತ್ತು. ಪೆನ್‌ಡ್ರೈವ್ ಲಿನಕ್ಸಿನ ಸೆಟ್ಟಿಂಗ್ಸ್‌ಗೆ ಹೋಗಿ ಹುಡುಕಿದೆ, ಪರದೆ ಮೇಲೆ ಆರು ಅಂಕಿ ಬಂದವು, ಕೀಬೋರ್ಡಿನಲ್ಲಿ ಅವನ್ನೇ ಒತ್ತಿ ಎಂಟರ್ ಹೊಡೆದೆ. ಜೋಡಿ ಆಯಿತು! ಕುಣಿದಾಡಿಬಿಟ್ಟೆ. ಅಷ್ಟರಲ್ಲಿ ಕರೆಂಟು ಹೋಯಿತು. ಮತ್ತೆ ಆನ್ ಮಾಡಿದಾಗ ಕೀಬೋರ್ಡು ಮತ್ತೆ ಅಪರಿಚಿತ. ಪೆನ್‌ಡ್ರೈವ್ ಲಿನಕ್ಸಿನ ನೆನಪು ಆ ಹೊತ್ತಿನದು ಮಾತ್ರ, ಆರಿಸಿದರೆ ಕೊಂಡಿ ಹೋಯಿತು.

ಆಮೇಲೆ ಮಾಮಾ ಎದ್ದು ಒಳಗಿನಿಂದ ಏನೋ ತಂದ. ಹಳದಿಗಟ್ಟಿದ ಕೀಬೋರ್ಡು, ಕೊನೆಗೆ ಗುಂಡನೆಯ ನೇರಳೆ ಪಿನ್ನು. ಐಬಿಎಂ ಕಂಪನಿ 1987ರಲ್ಲಿ ತಂದ ಪಿಎಸ್/2 ಜಾತಿಯದು. ಮಶೀನಿನ ಹಿಂದೆ ಧೂಳಿನಲ್ಲಿ ಅದಕ್ಕೆ ಸರಿಯಾದ ತೂತು ಇನ್ನೂ ಇತ್ತು. ಇದನ್ನು ಮಶೀನು ಆರಿಸಿಯೇ ಚುಚ್ಚಬೇಕು, ಯುಎಸ್‌ಬಿಯ ಹಾಗೆ ನಡುವೆ ಹಾಕಿದರೆ ಕೇಳದು. ಚುಚ್ಚಿ ಆನ್ ಮಾಡಿದೆ. ಒಂದು ಕೀಲಿಯೂ ತಪ್ಪಲಿಲ್ಲ.

ವೈರ್‌ಲೆಸ್ ಕೀಬೋರ್ಡಿಗೆ ವೈರು ಕಟ್ಟಿಕೊಳ್ಳೋ ಪಾಡು ಹೊಸದಲ್ಲ ಅನ್ನೋದು ಆಮೇಲೆ ಗೊತ್ತಾಯಿತು. ಅದೇ ಐಬಿಎಂ 1983ರ ನವೆಂಬರಿನಲ್ಲಿ ಪಿಸಿ ಜೂನಿಯರ್ ಅಂತ ಮನೆಬಳಕೆಯ ಕಂಪ್ಯೂಟರ್ ಘೋಷಿಸಿತು. ಅದರ ಹೆಮ್ಮೆ ಅಂದರೆ ಇನ್‌ಫ್ರಾರೆಡ್ ಬೆಳಕಿನಲ್ಲಿ, ಟಿವಿ ರಿಮೋಟಿನ ಹಾಗೆ, ವೈರಿಲ್ಲದೇ ನಡೆಯುವ ಕೀಬೋರ್ಡು. ಅದಕ್ಕೂ ಬೇಕಾದವರು ಬೇರೆಯಾಗಿ ಕೊಂಡುಕೊಳ್ಳಲಿ ಅಂತ ಒಂದು ವೈರು ಮಾರುತ್ತಿದ್ದರು! ಮಶೀನು ಹೆಚ್ಚು ದಿನ ಬಾಳಲಿಲ್ಲ, 1985ರಲ್ಲಿ ತಯಾರಿಕೆ ನಿಲ್ಲಿಸಿದರು.

ಇನ್ನು ಬ್ಲೂಟೂತ್ ಹೆಸರು. ಹತ್ತನೇ ಶತಮಾನದ ಡೆನ್ಮಾರ್ಕಿನ ರಾಜ ಹೆರಾಲ್ಡ್, ಅಡ್ಡಹೆಸರು ಬ್ಲೂಟೂತ್, ನೀಲಿಹಲ್ಲಿನವನು. ಬೇರೆ ಬೇರೆ ಬಣಗಳನ್ನು ಒಂದು ಮಾಡಿದವನು ಅಂತ 1997ರಲ್ಲಿ ಇಂಟೆಲ್‌ನ ಜಿಮ್ ಕಾರ್ಡಕ್ ಈ ಹೆಸರು ಸೂಚಿಸಿದರು, ತಾತ್ಕಾಲಿಕವಾಗಿ ಇರಲಿ ಅಂತ. ಅದೇ ಉಳಿಯಿತು. ಹೆರಾಲ್ಡ್ ತನ್ನ ತಂದೆತಾಯಿಯ ನೆನಪಿಗೆ ಯೆಲ್ಲಿಂಗ್ ಅನ್ನೋ ಊರಲ್ಲಿ ಕಲ್ಲು ಕೆತ್ತಿಸಿದ, ರೂನ್ ಲಿಪಿಯಲ್ಲಿ. ಬ್ಲೂಟೂತ್‌ನ ಆ ಗುರುತು ಇದೆಯಲ್ಲ, ಅದು ಅವನ ಹೆಸರಿನ ಎರಡು ರೂನ್ ಅಕ್ಷರ, ‘ಹ’ ಮತ್ತು ‘ಬ’ ಸದ್ದಿನವು, ಒಂದರ ಮೇಲೊಂದು ಕೂತು ಆದದ್ದು. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಒತ್ತಕ್ಷರ. ಆ ಕಲ್ಲಿಗೂ ಸುಮಾರು ನಾಲ್ಕು ಶತಮಾನ ಮೊದಲು, 578ರಲ್ಲಿ, ಬಾದಾಮಿಯ ಮೂರನೇ ಗುಹೆಯಲ್ಲಿ ಚಾಲುಕ್ಯ ಮಂಗಲೇಶನ ಶಾಸನ ಕೆತ್ತಿದ್ದರು.

ಹಾಂ, ಬಾದಾಮಿ ಬಂತು. ಸ್ವಲ್ಪ ತಡೀರಿ, ಇನ್‌ಸ್ಟಾಲ್ ಮುಗಿಸಿಬಿಡ್ತೀನಿ.

ಫೈಲುಗಳನ್ನು ಇನ್ನೊಂದು ಡಿಸ್ಕಿಗೆ ಹಾಕಿಕೊಂಡು, ಡಿ ಡ್ರೈವ್ ಮುಟ್ಟದೇ, ವಿಂಡೋಸ್ ಇದ್ದ ಜಾಗಕ್ಕೆ ಲಿನಕ್ಸ್ ಹಾಕೋಕೆ ಶುರುಮಾಡಿದೆ. ಅಲ್ಲಿ ಎದುರಾಗುತ್ತೆ ಇನ್ನೊಂದು ಪರದೆ: ನಿಮ್ಮ ಕೀಬೋರ್ಡ್ ಯಾವುದು? ನಾನು ಯಾವಾಗಲೂ ಓದದೇ ಮುಂದೆ ಹೋಗುತ್ತಿದ್ದ ಪರದೆ. ಜಗತ್ತಿನ ದೇಶಗಳೆಲ್ಲಾ ಸಾಲಾಗಿ ನಿಂತಿರುತ್ತವೆ. ಇಂಡಿಯಾದ ಕೆಳಗೆ ನೋಡಿದರೆ ಕನ್ನಡ ಅಂತ ಒಂದು, ಅದರ ಪಕ್ಕದಲ್ಲೇ ‘ಕನ್ನಡ, ಕಗಪ’ ಅಂತ ಇನ್ನೊಂದು. ಮಾಮಾ ಕನ್ನಡಕ ಏರಿಸಿ ನೋಡಿದ. ‘ಕಗಪ ಅಂದ್ರ ನಮ್ಮ ನುಡಿದು ಅಲ್ಲೇನಲೇ? ಇದರಾಗ ಹೆಂಗ ಬಂತು?’

1991ರ ಸೆಪ್ಟೆಂಬರಿನಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಲಿನಕ್ಸಿನ ಮೊಟ್ಟಮೊದಲ ಆವೃತ್ತಿ ಹಂಚಿದಾಗ ಈ ಪರದೆ ಇರಲೇ ಇಲ್ಲ. ಅದಕ್ಕೆ ಗೊತ್ತಿದ್ದದ್ದು ಒಂದೇ ಕೀಬೋರ್ಡು, ಫಿನ್‌ಲೆಂಡಿನದು, ಯಾಕಂದರೆ ಬರೆದವನ ಮೇಜಿನ ಮೇಲೆ ಅದೇ ಇತ್ತು. ಅದರ ಮರುತಿಂಗಳೇ ಯೂನಿಕೋಡಿನ ಮೊದಲ ಆವೃತ್ತಿ ಬಂತು, ಅದರಲ್ಲಿ ಕನ್ನಡಕ್ಕೂ 128 ಮನೆಗಳ ಒಂದು ಓಣಿ ಕಾದಿರಿಸಿದ್ದರು. ಫಿನ್‌ಲೆಂಡಿನ ಕೀಬೋರ್ಡಿನಿಂದ ಇಳಕಲ್ಲಿನ ಮಾಮಾನ ಬೆರಳಿನವರೆಗೆ ಬರಬೇಕಾದರೆ ಯಾರ್‍ಯಾರು ಏನೇನು ಮಾಡಿದರು? ಈ ಕಂತಿನ ನಿಜವಾದ ವಿಷಯ ಅದು.

ಮಾಮಾ ಟೈಪಿಂಗ್ ಕಲಿತದ್ದು ಎಂಬತ್ತರ ದಶಕದ ಕೊನೆಗೆ, ಹಳೇ ಬಾಗಲಕೋಟೆಯಲ್ಲಿ. ಆ ಕ್ಲಾಸು ನಡೆಯುತ್ತಿದ್ದ ಓಣಿ ಈಗ ಆಲಮಟ್ಟಿ ಹಿನ್ನೀರಿನಲ್ಲಿದೆ. ಕಲಿತದ್ದು ಕನ್ನಡ ಟೈಪ್‌ರೈಟರ್ ಮೇಲೆ. ಕನ್ನಡ ಟೈಪ್‌ರೈಟರ್ ಅಂದರೆ ಮೊದಲು ನೆನೆಯಬೇಕಾದದ್ದು ಅದರ ಕೀಲಿಮಣೆ ರೂಪಿಸಿದ ಕೆ. ಅನಂತಸುಬ್ಬರಾಯರನ್ನು. ಕಷ್ಟ ಏನಿತ್ತು ಯೋಚನೆ ಮಾಡಿ. ಇಂಗ್ಲಿಷಿಗೆ ಅಂತ ಮಾಡಿದ ಯಂತ್ರ. ಅಮೆರಿಕದ ಶೋಲ್ಸ್ ಮತ್ತು ಗೆಳೆಯರು ಮಾಡಿ, ರೆಮಿಂಗ್ಟನ್ ಕಂಪನಿ 1874ರಲ್ಲಿ ಮಾರಾಟಕ್ಕೆ ಇಟ್ಟ ಯಂತ್ರದ ವಂಶದ್ದು. ಶಿಫ್ಟ್ ಸೇರಿಸಿದರೂ ತೊಂಬತ್ತರ ಆಸುಪಾಸು ಗುರುತು ಕೂರುತ್ತವೆ. ನಮ್ಮಲ್ಲಿ ಒಂದು ‘ಕ’ಕ್ಕೇ ಬಳ್ಳಿ ತುಂಬಾ ಕಾಗುಣಿತ, ಮೇಲೆ ಒತ್ತುಗಳು. ಹಾಗಾಗಿ ಅಕ್ಷರವನ್ನೇ ಬಿಡಿಭಾಗ ಮಾಡಿದರು. ತಲೆಕಟ್ಟು ಒಂದು ಕೀಲಿ, ಕೊಂಬು ಒಂದು ಕೀಲಿ, ದೀರ್ಘ ಒಂದು ಕೀಲಿ. ಟೈಪಿಸ್ಟ್ ಅಂದರೆ ಅಕ್ಷರ ಜೋಡಿಸುವ ಬಡಗಿ. ಅರ್ಕಾವತ್ತು ಕಣ್ಣಿಗೆ ಎಲ್ಲಿ ಕಾಣುತ್ತೋ ಅಲ್ಲೇ ಹೊಡೆಯಬೇಕು, ಅಂದರೆ ನಾಲಿಗೆ ಮೊದಲು ಹೇಳಿದ್ದನ್ನು ಬೆರಳು ಆಮೇಲೆ ಹೊಡೆಯುತ್ತದೆ.

ಆ ಟೈಪ್‌ರೈಟರ್ ಹೊತ್ತುಕೊಂಡು ಮಾಮಾ ಹುನಗುಂದದಲ್ಲಿ ತಾಲ್ಲೂಕು ಕಚೇರಿ ಎದುರಿಗೆ ಬೇವಿನ ಮರದ ಕೆಳಗೆ ಕೂತ. ಇಳಕಲ್ ಆಗ ಹುನಗುಂದ ತಾಲ್ಲೂಕಿಗೇ ಸೇರಿತ್ತು. ಪುಟಕ್ಕೆ ಇಷ್ಟು ಅಂತ ಅರ್ಜಿ ಹೊಡೆದು ನಮ್ಮ ಅಕ್ಕತಂಗಿಯರ ಮದುವೆಗಳನ್ನೂ ಮಾಡಿದ.

ಈ ಹೊತ್ತಿಗೆ ಬೇರೆ ಕಡೆ ಬೇರೆ ಕೆಲಸ ನಡೆದಿತ್ತು. ಕೇಂದ್ರ ಸರ್ಕಾರ 1986ರಲ್ಲಿ ಇನ್‌ಸ್ಕ್ರಿಪ್ಟ್ ಅನ್ನೋ ವಿನ್ಯಾಸ ಒಪ್ಪಿತು. ಭಾರತದ ಲಿಪಿಗಳ ವರ್ಣಮಾಲೆ ಒಂದೇ ಥರ ಅಲ್ವಾ, ಹಾಗಾಗಿ ಎಲ್ಲಕ್ಕೂ ಒಂದೇ ಕೀಲಿಮಣೆ. ಸ್ವರ ಎಡಗೈಗೆ, ವ್ಯಂಜನ ಬಲಗೈಗೆ. ಹಿಂದಿ ಕಲಿತವನು ಕನ್ನಡವನ್ನೂ ಹೊಡೆಯಬಹುದು. ಯೋಚನೆ ಅಚ್ಚುಕಟ್ಟು, ನನಗೆ ಇವತ್ತಿಗೂ ಇಷ್ಟ. ಆದರೆ ಇಂಗ್ಲಿಷ್ ‘ಎಚ್’ ಇರೋ ಕಡೆ ‘ಪ’, ‘ಎಲ್’ ಇರೋ ಕಡೆ ‘ತ’. ನಮ್ಮಲ್ಲಿ ಎಲ್ಲರ ಮುಂದೆ ಇರೋದು ಇಂಗ್ಲಿಷ್ ಅಚ್ಚು ಹಾಕಿದ ಕೀಬೋರ್ಡು. ನೋಡಿ ಹೊಡೆಯುವವನಿಗೆ ಇದು ಒಗ್ಗಲಿಲ್ಲ.

ಒಗ್ಗಿದ್ದು ಕೆ.ಪಿ. ರಾವ್ ಅವರದು. ಮಂಗಳೂರು ಸಮೀಪದ ಕಿನ್ನಿಕಂಬಳದವರು. ಅಕ್ಷರ ಜೋಡಣೆಯ ತಂತ್ರಜ್ಞಾನದಲ್ಲೇ ಬದುಕು ಕಳೆದವರು, ಸಿಂಧೂ ಲಿಪಿಯ ಅಧ್ಯಯನದಲ್ಲಿ ಐರಾವತಂ ಮಹಾದೇವನ್ ಅವರ ಜೊತೆ ದುಡಿದವರು. ಅವರು ತಲೆಕೆಳಗು ಮಾಡಿದ ವಿಷಯ ಇದು: ಟೈಪ್‌ರೈಟರ್ ಅಕ್ಷರದ ಆಕಾರವನ್ನು ಬಿಡಿಸಿತು, ಅವರು ಸದ್ದನ್ನು ಬಿಡಿಸಿದರು. ‘ಕೆ’ ಒತ್ತಿದರೆ ‘ಕ’, ಶಿಫ್ಟ್ ಜೊತೆ ಒತ್ತಿದರೆ ‘ಖ’. ವ್ಯಂಜನದ ಮುಂದೆ ಸ್ವರ ಒತ್ತಿದರೆ ಅದು ತಾನೇ ಕಾಗುಣಿತ ಆಗುತ್ತದೆ. ‘ಎಫ್’ ಒತ್ತಿದರೆ ಅರ್ಧಾಕ್ಷರ, ಮುಂದಿನದು ಒತ್ತಾಗುತ್ತದೆ. ಆಕಾರ ಕೂಡಿಸೋ ಬಡಗಿ ಕೆಲಸ ಕಂಪ್ಯೂಟರಿನದು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರದ ಕೀಲಿಗಳಲ್ಲೇ ಕನ್ನಡ ಪೂರ್ತಿ ಕೂತುಬಿಟ್ಟಿತು. ಬೆರಳಿಗೆ ಆಗೋ ಉಳಿತಾಯ ನೋಡಿ: ಕರ್ನಾಟಕ ಅನ್ನೋಕೆ ಏಳೇ ಏಟು. ಅರ್ಕಾವತ್ತೂ ನಾಲಿಗೆ ಹೇಳಿದ ಕ್ರಮದಲ್ಲೇ ಬರುತ್ತದೆ. ಅವರು ಇದನ್ನು ತಮ್ಮ ‘ಸೇಡಿಯಾಪು’ ತಂತ್ರಾಂಶದಲ್ಲಿ ಅಳವಡಿಸಿದರು, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರು ಅದು. ಬಳಸುವವರಿಂದ ಕಾಸು ಕೇಳಲಿಲ್ಲ. ಬಿ.ಕಾಂ ಓದಿದವನಾಗಿ ಹೇಳ್ತೀನಿ, ಇದರ ಬೆಲೆ ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಕಾಣಿಸೋದಿಲ್ಲ.

ಆಮೇಲೆ 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ನುಡಿಯ ಕೀಲಿಮಣೆಗೆ ತಳಹದಿ ರಾವ್ ಅವರ ವಿನ್ಯಾಸವೇ. ಸರ್ಕಾರಿ ಕೆಲಸಕ್ಕೆ ಅದೇ ನಿಂತಿತು, ಜನ ‘ನುಡಿ ಕೀಬೋರ್ಡು’, ‘ಕಗಪ’ ಅಂತಲೇ ಕರೆದರು. ಮಾಮಾನಿಗೂ ಮೊನ್ನೆವರೆಗೆ ರಾವ್ ಹೆಸರು ಗೊತ್ತಿರಲಿಲ್ಲ.

ಮಾಮಾ ಟೈಪ್‌ರೈಟರ್ ಬಿಟ್ಟು ಇಳಕಲ್ಲಿನಲ್ಲಿ ಅಂಗಡಿ ಹಾಕಿದ್ದು ಈ ಹೊತ್ತಿನಲ್ಲೇ. ಹದಿನೈದು ವರ್ಷ ಪಳಗಿದ ಬೆರಳಿಗೆ ಹೊಸ ಪಾಠ. ಆರು ತಿಂಗಳು ರಾತ್ರಿ ಕೂತು ಕಲಿತೆ ಅಂತಾನೆ. ಹಾಗಾಗಿ ಇನ್‌ಸ್ಟಾಲರ್ ಪರದೆಯಲ್ಲಿ ಕಗಪ ಕಾಣದೇ ಹೋಗಿದ್ದರೆ ಅವನಿಗೆ ಈ ವಯಸ್ಸಿನಲ್ಲಿ ಮೂರನೇ ಪಾಠ. ಯಾರೋ ಪುಣ್ಯಾತ್ಮರು ಲಿನಕ್ಸಿನ ಕೀಬೋರ್ಡ್ ಪಟ್ಟಿಗೆ ಅದನ್ನು ಬರೆದು ಸೇರಿಸಿದ್ದಾರೆ.

ನೀವೂ ಇದನ್ನು ಮಾಡುವವರಿದ್ದರೆ ಒಂದು ಎಚ್ಚರಿಕೆ. ಕನ್ನಡವನ್ನೇ ಒಂದೇ ಒಂದು ಕೀಬೋರ್ಡ್ ಅಂತ ಆರಿಸಬೇಡಿ. ಮುಂದಿನ ಪರದೆಯಲ್ಲಿ ಬಳಕೆದಾರನ ಹೆಸರು ಇಂಗ್ಲಿಷಿನಲ್ಲೇ ಕೇಳುತ್ತದೆ, ಪಾಸ್‌ವರ್ಡನ್ನೂ ಯಾವ ಲಿಪಿಯಲ್ಲಿ ಹೊಡೆದಿರಿ ಅಂತ ಕಾಣುವುದಿಲ್ಲ. ನಾನು ಮೊದಲ ಸಲ ಹಾಗೇ ಮಾಡಿ, ಎರಡನೇ ಸಲ ಇನ್‌ಸ್ಟಾಲ್ ಮಾಡಿದೆ. ಇಂಗ್ಲಿಷ್ ಮೊದಲು, ಕಗಪ ಎರಡನೆಯದಾಗಿ ಇರಲಿ.

ಇನ್‌ಸ್ಟಾಲ್ ಮುಗಿಯಿತು. ಅರ್ಜಿಯ ಫೈಲು ಹುಡುಕಬೇಕು. ಮಾಮಾನ ಫೈಲಿನ ಹೆಸರುಗಳೋ, ‘ಹೊಸದು’, ‘ಹೊಸದು 1’, ‘ಹೊಸದು ಕಡೇದು’ ಅಂತ ಇಂಗ್ಲಿಷಿನಲ್ಲಿ. 2009ರ ಫೋಲ್ಡರಿನಲ್ಲಿ ಒಂದು ತೆರೆದೆ. ಮಾಮಾ ಕುರ್ಚಿ ಹಿಡಿದುಕೊಂಡ. ಪರದೆ ತುಂಬಾ ಕಸ. ನೀವೂ ನೋಡಿರ್ತೀರಿ. ಕನ್ನಡ ಅಂತ ಇರಬೇಕಾದ ಕಡೆ ಇಂಗ್ಲಿಷ್ ‘ಪಿ’, ತಲೆ ಮೇಲೆ ಗೀಟು ಇರೋ ‘ಎ’, ಬ್ರಿಟನ್ನಿನ ಪೌಂಡ್ ಗುರುತು, ಜರ್ಮನ್ ಭಾಷೆಯ ಒಂದು ಅಕ್ಷರ.

ಯಾಕೆ ಹೀಗೆ? ಹಳೇ ನುಡಿ ಫಾಂಟುಗಳ ಕಾಲದಲ್ಲಿ ಕಂಪ್ಯೂಟರಿಗೆ ನಿಜವಾಗಿ ಕನ್ನಡ ಗೊತ್ತಿರಲಿಲ್ಲ. ಯುರೋಪಿನ ಅಕ್ಷರಗಳಿಗೆ ಕೊಟ್ಟ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸಿದ್ದರು. ‘ನ’ ಕಾಣಲಿ ಅಂತ ಒಳಗೆ ಪೌಂಡ್ ಗುರುತು ಬರೆಯುತ್ತಿದ್ದರು, ನ-ಒತ್ತಿಗೆ ಆ ಜರ್ಮನ್ ಅಕ್ಷರ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಇದನ್ನೇ ಆಸ್ಕಿ ಕಾಲದ ಫೈಲು ಅಂತೀವಿ. ಆ ಕಾಲಕ್ಕೆ ಅದು ತಪ್ಪೂ ಅಲ್ಲ. ಅದಿಲ್ಲದಿದ್ದರೆ 2009ರಲ್ಲಿ ಅರ್ಜಿಯೇ ಹೋಗುತ್ತಿರಲಿಲ್ಲ.

ಈಗ ಬಾದಾಮಿ. ಕೆರೆ ಪಕ್ಕದ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ, ಸುಮಾರು 700ರದ್ದು, ತ್ರಿಪದಿಗೆ ಹೆಸರಾದದ್ದು. ನಾನು ಶಾಲೆಯ ಟ್ರಿಪ್ಪಿನಲ್ಲಿ ಅದರ ಮುಂದೆ ನಿಂತು, ಇದು ಕನ್ನಡ ಅಂತೆ, ಯಾಕೆ ಒಂದಕ್ಷರವೂ ಓದೋಕೆ ಆಗ್ತಿಲ್ಲ ಅಂತ ಮೇಷ್ಟ್ರಿಗೆ ಕೇಳಿದ್ದೆ. ಕಲ್ಲು ಗಟ್ಟಿಯಾಗೇ ಇದೆ, ಗೆರೆ ಅಳಿಸಿಲ್ಲ. ಹೋದದ್ದು ಗೆರೆಗೂ ಸದ್ದಿಗೂ ನಡುವೆ ಇದ್ದ ಒಪ್ಪಂದ. ಬಾದಾಮಿಯ ಶಾಸನಗಳನ್ನೂ, ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುಟಿಯಲ್ಲಿರುವ 634ರ ರವಿಕೀರ್ತಿಯ ಶಾಸನವನ್ನೂ ಹತ್ತೊಂಬತ್ತನೇ ಶತಮಾನದಲ್ಲಿ ಜೆ.ಎಫ್. ಫ್ಲೀಟ್ ಅಕ್ಷರ ಅಕ್ಷರ ಕೂಡಿಸಿ ಓದಿ ಪ್ರಕಟಿಸಿದರು. ಮುಂಬೈ ಪ್ರಾಂತದ ಅಧಿಕಾರಿ, ಕಚೇರಿ ಕೆಲಸದ ನಡುವೆ ಇದನ್ನು ಮಾಡಿದವರು. ಕಲ್ಲಿಗೆ ಸಾವಿರ ವರ್ಷ ಹಿಡಿದದ್ದು ಮಾಮಾನ ಫೈಲಿಗೆ ಹದಿನಾರು ವರ್ಷಕ್ಕೇ ಆಗಿತ್ತು.

ನಮಗೆ ಫ್ಲೀಟ್ ಬೇಕಾಗಲಿಲ್ಲ. ಸತ್ತ ವಿಂಡೋಸಿನ ಫಾಂಟ್ ಫೋಲ್ಡರನ್ನು ನಾನು ಮೊದಲೇ ಹೊರಗೆ ತೆಗೆದಿಟ್ಟಿದ್ದೆ, ಅದರಲ್ಲಿ ನುಡಿ ಫಾಂಟುಗಳಿದ್ದವು. ಅವನ್ನು ಲಿನಕ್ಸಿಗೆ ಹಾಕಿದೆ. ಫೈಲು ಮತ್ತೆ ತೆರೆದೆ. ಕನ್ನಡ. ಒಂದು ಒತ್ತೂ ಅಲುಗಿರಲಿಲ್ಲ.

ಆದರೆ ಕಣ್ಣಿಗೆ ಕಂಡರೂ ಕಂಪ್ಯೂಟರಿಗೆ ಅದು ಇನ್ನೂ ಪೌಂಡ್ ಗುರುತೇ, ಹೆಸರು ಹಾಕಿ ಹುಡುಕೋಕೆ ಬರೋದಿಲ್ಲ. ನೂರಾರು ಅರ್ಜಿಗಳು. ಆಗ ಮಾಮಾ ಒಂದು ಮಾತು ಹೇಳಿದ. ‘ಅಕ್ಷರ ಬಿಡು, ಅಂಕಿ ನೋಡು.’ ಹೌದಲ್ವಾ! ಆ ಫಾಂಟಿನಲ್ಲೂ ಅಂಕಿಗಳು ತಮ್ಮ ಸ್ವಂತ ಜಾಗದಲ್ಲೇ ಇದ್ದವು. ಅಕ್ಷರ ಎಲ್ಲಾ ವೇಷ ಹಾಕಿದ್ದರೂ ಅಂಕಿ ಅಂಕಿಯಾಗೇ ಉಳಿದಿತ್ತು. ಅಜ್ಜಿಯ ಮಗನಿಗೆ ಫೋನ್ ಮಾಡಿ ರೇಷನ್ ಕಾರ್ಡಿನ ಹಳೇ ನಂಬರು ಕೇಳಿದೆವು, ಅರ್ಜಿಗಳಲ್ಲಿ ಅದನ್ನು ಹಾಕೋದು ಮಾಮಾನ ಪದ್ಧತಿ. ನಂಬರು ಕೊಟ್ಟು ಹುಡು‌ಕಿದರೆ ಒಂದೇ ಫೈಲು. ಎರಡು ಪುಟ.

ಆಮೇಲೆ ಅದನ್ನು ಅರವಿಂದ ವಿ.ಕೆ. ಅವರು ಮುಕ್ತವಾಗಿ ಬಿಟ್ಟಿರುವ ಆಸ್ಕಿ–ಯೂನಿಕೋಡ್ ಪರಿವರ್ತಕದಲ್ಲಿ ಹಾಯಿಸಿದೆ. ಪರಿವರ್ತನೆ ಆದಮೇಲೆ ಮೂಲದ ಜೊತೆ ಇಟ್ಟು ಓದಲೇಬೇಕು, ಮುಖ್ಯವಾಗಿ ಅರ್ಕಾವತ್ತು ಇರೋ ಕಡೆ. ಮಾಮಾ ಬೆರಳಿಟ್ಟು ಸಾಲು ಸಾಲಾಗಿ ಓದಿದ. ಆಗ ತಾನೇ ಹೊಡೆದಿದ್ದ ಒಂದು ತಪ್ಪು ಸಿಕ್ಕಿತು, ಊರಿನ ಹೆಸರಿನಲ್ಲಿ ಒಂದು ದೀರ್ಘ ಬಿಟ್ಟಿದ್ದ. ತಿದ್ದಲಾ ಅಂದೆ. ‘ಬ್ಯಾಡ. ಅವರು ಕೊಟ್ಟಿದ್ದು ಹಿಂಗ ಐತಿ, ಹಿಂಗ ಇರಲಿ’ ಅಂದ.

ಸೋಮವಾರ ಅಜ್ಜಿ ಬಂದಳಂತೆ. ಎರಡು ಪುಟ, ಪುಟಕ್ಕೆ ಐದು ರೂಪಾಯಿ. ತನ್ನ ಗಂಡನ ಹೆಸರು ಯಾವ ಸಾಲಿನಲ್ಲಿದೆ ಅಂತ ಕೇಳಿ ತೋರಿಸಿಕೊಂಡು, ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಎರಡು ಮಡಿಕೆ ಸುತ್ತಿಕೊಂಡು ಹೋದಳು.

ಹಳದಿ ಕೀಬೋರ್ಡು ಅಂಗಡಿಯಲ್ಲೇ ಇದೆ. ಬ್ಲೂಟೂತಿನದನ್ನು ಮಾಮಾ ನನಗೇ ವಾಪಸ್ ಕೊಟ್ಟ, ಈ ಕಂತಿನ ಟಿಪ್ಪಣಿ ಹೊಡೆದದ್ದು ಅದರಲ್ಲೇ. 2003ರಿಂದ 2008ರವರೆಗಿನ ಫೋಲ್ಡರುಗಳು ಇನ್ನೂ ಪರಿವರ್ತನೆ ಆಗಬೇಕು, ಎರಡು ವಾರಕ್ಕೊಮ್ಮೆ ಹೋಗಿ ಮಾಡ್ತಿದ್ದೀನಿ. ಮುಂದಿನ ಕಂತಿನಲ್ಲಿ ಮೇಗುಟಿ ಗುಡ್ಡ ಹತ್ತೋಣ.